ಏಳನೇ ವಾರ್ಡಿನ ಮನೆ ಮನೆಗೆ ಹೋದ ಡು ಬಾಯ್ಸ್

ಕೇಳುಗರಿಗೆ ನಮಸ್ಕಾರ.

ಕಪ್ಪು ಜನರ ಬಿಡುಗಡೆಗಾಗಿ ಬದುಕು ತೇಯ್ದ ಅಮೆರಿಕದ ವಿದ್ವಾಂಸ ಡು ಬಾಯ್ಸ್ ಅವರ ಬಗ್ಗೆ ಇವತ್ತಿನ ಮಾತು. ಹೆಸರನ್ನು ಫ್ರೆಂಚರಂತೆ ‘ದ್ಯುಬ್ವಾ’ ಅನ್ನಬಾರದು, ಡು ಬಾಯ್ಸ್ ಅಂತಲೇ ಹೇಳಬೇಕು. ಅವರ ಒತ್ತಾಯವೇ ಅದು. ಹುಟ್ಟಿದ್ದು 1868ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ. 1895ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಬಂತು. ಅಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ ಅವರೇ.

ಮರುವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರನ್ನು ಫಿಲಡೆಲ್ಫಿಯಾಕ್ಕೆ ಕರೆಸಿತು. ನಗರ ಕೆಟ್ಟಿರುವುದು ಏಳನೇ ವಾರ್ಡಿನ ಕಪ್ಪು ಜನರಿಂದ ಎಂದು ಅಲ್ಲಿನ ದೊಡ್ಡವರು ಆಗಲೇ ತೀರ್ಪು ಕೊಟ್ಟಾಗಿತ್ತು. ಡು ಬಾಯ್ಸ್ ಹೆಂಡತಿ ನೀನಾ ಜೊತೆ ಅದೇ ವಾರ್ಡಿನಲ್ಲಿ ಕೋಣೆ ಹಿಡಿದು ಸಮೀಕ್ಷೆಗೆ ಇಳಿದರು.

ಆ ಸಮೀಕ್ಷೆ ಹೇಗೆ ನಡೆಯಿತು ಎಂಬುದನ್ನು ಬಿಡಿಸಿ ಹೇಳಲೇಬೇಕು. ನಮೂನೆಗಳು ಆರು. ಕುಟುಂಬಕ್ಕೊಂದು: ಎಷ್ಟು ಜನ, ವಯಸ್ಸು, ಹುಟ್ಟೂರು, ಓದುಬರಹ, ಕಸುಬು, ಸಂಪಾದನೆ. ಪ್ರತಿ ವ್ಯಕ್ತಿಗೂ ಅಂಥದೇ ಇನ್ನೊಂದು. ಮನೆಯದು ಬೇರೆ: ಎಷ್ಟು ಕೋಣೆ, ಎಷ್ಟು ಬಾಡಿಗೆ, ಒಳಗೆ ಬಾಡಿಗೆಗಿರುವವರು ಎಷ್ಟು ಮಂದಿ. ಓಣಿಗಳಿಗೆ ಒಂದು, ಚರ್ಚು-ಸಂಘಗಳಿಗೆ ಒಂದು, ಯಜಮಾನರ ಮನೆಯಲ್ಲೇ ಉಳಿದು ದುಡಿಯುವ ಆಳುಗಳಿಗೆ ಮತ್ತೊಂದು. ಖುದ್ದಾಗಿ ಬಾಗಿಲಿಗೆ ಹೋಗಿ ಮನೆಯ ಯಜಮಾನರನ್ನು ಕೇಳುವರು. ಎದುರಾಗುತ್ತಿದ್ದವಳು ಸಾಮಾನ್ಯವಾಗಿ ಗೃಹಿಣಿ. ಒಳಗೆ ಬಿಡದ ಮನೆಗಳು ಹೆಚ್ಚುಕಡಿಮೆ ಹನ್ನೆರಡು ಮಾತ್ರ. ಅಡುಗೆಮನೆಯಲ್ಲೋ ನಡುಮನೆಯಲ್ಲೋ ಕೂತು, ಸಂದರ್ಭ ನೋಡಿ ಪ್ರಶ್ನೆಗಳ ಸರದಿ ಬದಲಿಸುತ್ತ, ಸುಮಾರು ಕಾಲು ಗಂಟೆಯಿಂದ ಅರ್ಧ ಗಂಟೆ ಮಾತಾಡುವರು.

ಎಡವಟ್ಟು ಎಲ್ಲಿ ಆಗುತ್ತಿತ್ತು? ಮನೆಯವರು ಸಿಗದಿದ್ದರೆ ಎರಡನೇ, ಮೂರನೇ ಸಲ ಹೋಗಬೇಕು. ಒಳಬಾಡಿಗೆಯವರ ವಿಷಯವನ್ನು ಎಷ್ಟೋ ಸಲ ಮನೆಯೊಡತಿಯಿಂದಲೋ ನೆರೆಯವರಿಂದಲೋ ಕೇಳಿ ಬರೆಯಬೇಕು. ಉತ್ತರ ಸುಳ್ಳೆಂದು ಎದ್ದು ಕಂಡರೆ ಆ ಜಾಗ ಖಾಲಿ ಬಿಡುವರು, ಇಲ್ಲವೇ ನಿಜಕ್ಕೆ ಹತ್ತಿರ ಅನ್ನಿಸಿದ್ದನ್ನು ತುಂಬುವರು. ಇದನ್ನೆಲ್ಲ ಅವರು ಮುಚ್ಚಿಡದೆ, ಈ ಸಮೀಕ್ಷೆಯಿಂದ ಹುಟ್ಟಿದ ‘ದಿ ಫಿಲಡೆಲ್ಫಿಯಾ ನೀಗ್ರೋ’ ಪುಸ್ತಕದಲ್ಲೇ ಬರೆದಿದ್ದಾರೆ. ನಮ್ಮ ಊರುಗಳಲ್ಲಿ ಗಣತಿಗೆ ಹೋದ ಮೇಷ್ಟರುಗಳಿಗೆ ಈ ಪ್ರಾಮಾಣಿಕತೆಯ ಬೆಲೆ ತಿಳಿದೇ ಇರುತ್ತದೆ.

ಲೆಕ್ಕಕ್ಕೆ ಸಿಕ್ಕವರು 9,675 ಜನ. 2,441 ಕುಟುಂಬಗಳಲ್ಲಿ ಸ್ನಾನದ ಮನೆ, ಶೌಚಾಲಯದ ಅನುಕೂಲ ಇದ್ದದ್ದು 334ಕ್ಕೆ. ಕಾರ್ಖಾನೆಗಳು ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಮನೆಗೆಲಸವೇ ಗತಿ, ಕೆಲಸದ ಮನೆಗಳಿಗೆ ಹತ್ತಿರವೇ ಇರಬೇಕು, ಹತ್ತಿರದ ಹಾಳು ಗೂಡಿಗೂ ದುಬಾರಿ ಬಾಡಿಗೆ, ಆ ಬಾಡಿಗೆ ತುಂಬಲು ಒಳಗೆ ಮತ್ತಷ್ಟು ಜನ. ರೋಗ ಜನರಲ್ಲಿಲ್ಲ, ಬಾಗಿಲು ಮುಚ್ಚಿದವರಲ್ಲಿದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಆ ಕಾಲದಲ್ಲಿ ಇರಲಿಲ್ಲ. ಆದರೆ ವಾರ್ಡಿನ ತೀರ ಕೆಳಗಿನವರನ್ನು ‘ದುರ್ವ್ಯಸನಿಗಳು, ಅಪರಾಧಿಗಳು’ ಎಂದು ಅವರು ವರ್ಗೀಕರಿಸಿದ್ದು ಕಟುವಾಯಿತು ಎಂದೇ ಹೇಳಬೇಕು.

ಪುಸ್ತಕ ಬಂದದ್ದು 1899ರಲ್ಲಿ. ಅದೇ ವರ್ಷ ಏಪ್ರಿಲ್‌ನಲ್ಲಿ ಜಾರ್ಜಿಯಾದಲ್ಲಿ ಸ್ಯಾಮ್ ಹೋಸ್ ಎಂಬ ಕೂಲಿಯಾಳನ್ನು ಬಿಳಿಯರ ಗುಂಪು ಸುಟ್ಟು ಕೊಂದಿತು. ಆಗ ಅಟ್ಲಾಂಟಾದಲ್ಲಿ ಪಾಠ ಮಾಡುತ್ತಿದ್ದ ಡು ಬಾಯ್ಸ್, ನಡೆದದ್ದನ್ನು ತೂಗಿನೋಡಿ ಹೇಳಿಕೆಯೊಂದನ್ನು ಬರೆದು ಪತ್ರಿಕಾ ಕಚೇರಿಗೆ ಹೊರಟರು. ಹೋಸ್‌ನ ಬೆರಳ ಗೆಣ್ಣುಗಳನ್ನು ಅದೇ ಬೀದಿಯ ದಿನಸಿ ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ ಎಂಬ ಸುದ್ದಿ ದಾರಿಯಲ್ಲಿ ಕಿವಿಗೆ ಬಿತ್ತು. ಅಲ್ಲಿಂದಲೇ ಹಿಂದಿರುಗಿದರು. ಬರೀ ಅಂಕಿಅಂಶ ಸಾಲದು ಎಂಬುದು ಅವರಿಗೆ ಮನದಟ್ಟಾದದ್ದು ಆ ನಡಿಗೆಯಲ್ಲಿ.

1909ರಲ್ಲಿ ಕಪ್ಪು ಜನರ ಹಕ್ಕಿನ ರಾಷ್ಟ್ರೀಯ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. ಮರುವರ್ಷ ಅದರ ‘ಕ್ರೈಸಿಸ್’ ಪತ್ರಿಕೆ ಶುರುವಾಯಿತು. ಮೊದಲ ಸಂಚಿಕೆ 1,000 ಪ್ರತಿ. ಹತ್ತು ವರ್ಷದೊಳಗೆ ಪ್ರಸಾರ ಲಕ್ಷ ಮುಟ್ಟಿತು. 1951ರಲ್ಲಿ, 83ನೇ ವಯಸ್ಸಿನಲ್ಲಿ, ವಿದೇಶಿ ಏಜೆಂಟ್ ಎಂಬ ಆರೋಪದ ಮೇಲೆ ಅವರನ್ನು ಕಟಕಟೆಗೆ ನಿಲ್ಲಿಸಿದರು. ನ್ಯಾಯಾಲಯ ಬಿಡುಗಡೆ ಮಾಡಿದರೂ 1958ರವರೆಗೆ ಪಾಸ್‌ಪೋರ್ಟ್ ಸಿಗಲಿಲ್ಲ. 1961ರಲ್ಲಿ ಆಫ್ರಿಕಾದ ವಿಶ್ವಕೋಶ ಸಿದ್ಧಪಡಿಸಲು ಘಾನಾಕ್ಕೆ ಹೋದರು. 1963ರ ಆಗಸ್ಟ್ 27ರಂದು ಅಕ್ರಾದಲ್ಲಿ ತೀರಿಕೊಂಡರು.

ನಮಗೆ ಹತ್ತಿರದ ಸಂಗತಿ ಒಂದು ಉಳಿದಿದೆ. 1946ರ ಜುಲೈನಲ್ಲಿ ಡಾ. ಬಿ.ಆರ್. ಅಂಬೇಡ್ಕರ್, ಡು ಬಾಯ್ಸ್ ಅವರಿಗೊಂದು ಪತ್ರ ಬರೆದರು. ವಿಶ್ವಸಂಸ್ಥೆಗೆ ಕಪ್ಪು ಜನರು ಸಲ್ಲಿಸಿದ ಮನವಿಯ ಎರಡು ಮೂರು ಪ್ರತಿ ಕಳಿಸಿಕೊಡಿ, ಭಾರತದ ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಎಂದು. ಜುಲೈ 31ರಂದು ಡು ಬಾಯ್ಸ್ ಉತ್ತರಿಸಿದರು: ನಿಮ್ಮ ಹೆಸರನ್ನೂ ಕೆಲಸವನ್ನೂ ಬಲ್ಲೆ, ಅಸ್ಪೃಶ್ಯರ ಬಗ್ಗೆ ನನಗೆ ಪೂರ್ಣ ಸಹಾನುಭೂತಿಯಿದೆ, ಆದಷ್ಟೂ ನೆರವಾಗುತ್ತೇನೆ ಎಂದು. ಆ ಎರಡು ಪತ್ರಗಳು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಗ್ರಂಥಾಲಯದಲ್ಲಿ, ಡು ಬಾಯ್ಸ್ ಅವರ ಕಾಗದಪತ್ರಗಳ ನಡುವೆ ಇವತ್ತಿಗೂ ಇವೆ.

ನಮಸ್ಕಾರ.