ನಿದ್ದೆ ಬಾರದ ರಾತ್ರಿ ಮತ್ತು ಸಾವಧಾನ

ಮಾನ್ಯ ಕೇಳುಗರೇ, ನಮಸ್ಕಾರ.

ಕಾರವಾರದ ಕಡೆಯಿಂದ ಕಿಮೋ ಚಿಕಿತ್ಸೆಗೆಂದು ಹುಬ್ಬಳ್ಳಿಗೆ ಹೋಗಿ ಬರುವವರು ಅರಬೈಲು ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸಿದ್ದನ್ನು ಹೇಳಿಕೊಳ್ಳುತ್ತಾರೆ, ಕೂದಲು ಉದುರಿದ್ದನ್ನೂ ಹೇಳಿಕೊಳ್ಳುತ್ತಾರೆ; ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಬೆಳಕು ಹರಿಯುವವರೆಗೆ ಮನೆಯ ಮಾಡನ್ನು ನೋಡುತ್ತ ಮಲಗಿದ್ದನ್ನು ವೈದ್ಯರಿಗೂ ಹೇಳುವುದಿಲ್ಲ. ಇಷ್ಟು ದೊಡ್ಡ ಕಾಯಿಲೆಯ ಮುಂದೆ ನಿದ್ದೆಯದೇನು ಮಹಾ ಎಂಬ ಸಂಕೋಚ ಅವರದು. ಅಂಥ ರಾತ್ರಿಗಳಲ್ಲಿ ಸಾವಧಾನವೆಂಬ ಧ್ಯಾನದ ಅಭ್ಯಾಸ ಏನು ಮಾಡಬಲ್ಲದು ಎಂಬುದೇ ಇಂದಿನ ಮಾತು.

ಶಿರಸಿ ಸೀಮೆಯ ನನ್ನ ಚಿಕ್ಕಮ್ಮನಿಗೆ ಸ್ತನದ ಕ್ಯಾನ್ಸರ್ ಆಗಿತ್ತು. "ಯಂಗೆ ನಿದ್ರೆನೇ ಬತ್ತಿಲ್ಲೆ ಕೂಸೆ" ಎಂದು ಅವರು ಬಾಯಿ ಬಿಟ್ಟದ್ದು ಮೂರನೆಯ ಕಿಮೋ ಮುಗಿದ ಮೇಲೆ. ವಾಂತಿಯಾಗದಿರಲೆಂದು ಕೊಟ್ಟಿದ್ದ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಮಾತ್ರೆಯನ್ನು ಅವರು ರಾತ್ರಿ ಊಟದ ನಂತರವೂ ನುಂಗುತ್ತಿದ್ದರು. ನಿದ್ದೆ ಕೆಡಿಸುವುದು ಆ ಔಷಧಿಯ ಗುಣ. ವೈದ್ಯರನ್ನು ಕೇಳಿದಾಗ ಅದನ್ನು ಮಧ್ಯಾಹ್ನಕ್ಕೆ ಬದಲಿಸಿಕೊಟ್ಟರು. ಸ್ತನದ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಮಾತ್ರೆ ಸೇವಿಸುವವರಿಗೆ ನಡುರಾತ್ರಿ ಮೈ ಬಿಸಿಯೇರಿ ಬೆವರುವುದೂ, ಸರಿಯಾಗಿ ತಗ್ಗದ ನೋವೂ, ಹಗಲಿನ ದೀರ್ಘ ನಿದ್ದೆಯೂ ಹೀಗೆಯೇ ಕಾರಣವಾಗಬಹುದು. ಆದ್ದರಿಂದ ಧ್ಯಾನದ ಮಾತಿಗಿಂತ ಮೊದಲು ವೈದ್ಯರೊಡನೆ ಮಾತಾಗಬೇಕು. ಮಾತ್ರೆಯ ಹೊತ್ತನ್ನು ನಾವಾಗಿಯೇ ಬದಲಿಸಬಾರದು.

ಇಷ್ಟಾದರೂ ಚಿಕ್ಕಮ್ಮನ ನಿದ್ದೆ ಪೂರ್ತಿ ಮರಳಲಿಲ್ಲ. ಸ್ಕ್ಯಾನ್ ರಿಪೋರ್ಟ್ ಬರುವ ಹಿಂದಿನ ರಾತ್ರಿ ಗೋಡೆಯ ಗಡಿಯಾರ ನೋಡುವುದು, ಉಳಿದ ತಾಸುಗಳನ್ನು ಲೆಕ್ಕ ಹಾಕುವುದು, ನಿದ್ದೆ ಬಾರದಿದ್ದರೆ ಕಾಯಿಲೆ ಹೆಚ್ಚೀತೆಂದು ಹೆದರುವುದು ನಡೆದೇ ಇತ್ತು. ನೋಡಲು ಬಂದವರೆಲ್ಲ "ಧೈರ್ಯವಾಗಿರು, ಒಳ್ಳೆಯದನ್ನೇ ಯೋಚಿಸು" ಎನ್ನುತ್ತಿದ್ದರು. ಆ ಉಪದೇಶದಿಂದ ರೋಗಿಗೆ ತನ್ನ ಹೆದರಿಕೆಯೂ ಒಂದು ತಪ್ಪೆಂಬ ಭಾವನೆ ಬರುತ್ತದೆಂಬುದು ನನ್ನ ಅನಿಸಿಕೆ.

ಸಾವಧಾನದ ಅಭ್ಯಾಸವು ಹೆದರಿಕೆಯನ್ನು ಓಡಿಸಲು ಹೊರಡುವುದಿಲ್ಲ; ಈ ಕ್ಷಣದಲ್ಲಿ ಇದ್ದುದನ್ನು ಇದ್ದಂತೆ ಗಮನಿಸುವುದಷ್ಟೇ ಅದರ ಕೆಲಸ. ಮದುವೆಯ ಮಂಗಳಾಷ್ಟಕದಲ್ಲಿ ಪುರೋಹಿತರು ಕೂಗುವ ಪದವೇ ಇದು. ಗಮನವಿಟ್ಟಿರಿ ಎಂದಷ್ಟೇ ಅದರ ಅರ್ಥ. ಬೌದ್ಧರ ಪಾಲಿ ಗ್ರಂಥಗಳಲ್ಲಿ 'ಸತಿ' ಎಂದು ಕರೆದಿರುವ ಈ ಅಭ್ಯಾಸವನ್ನು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಟ್-ಜಿನ್ ಅವರು ಕೆಲವು ವಾರಗಳ ತರಬೇತಿಯಾಗಿ ರೂಪಿಸಿದರು. ಮುಂದೆ ಕೆನಡಾದ ಕ್ಯಾಲ್ಗರಿಯಲ್ಲಿ ಅದನ್ನು ಕ್ಯಾನ್ಸರ್ ರೋಗಿಗಳಿಗೆ ಹೊಂದಿಸಿದರು. ಅಲ್ಲಿಯ 111 ರೋಗಿಗಳ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರಲ್ಲಿ ಸಾವಧಾನವನ್ನು ನಿದ್ರಾಹೀನತೆಗೆಂದೇ ಇರುವ ವರ್ತನಾ ಚಿಕಿತ್ಸೆಯೊಡನೆ, ಅಂದರೆ ಮಲಗುವ ರೂಢಿಯನ್ನೂ ನಿದ್ದೆಯ ಕುರಿತ ಯೋಚನೆಯನ್ನೂ ತಿದ್ದುವ ಚಿಕಿತ್ಸೆಯೊಡನೆ, ಹೋಲಿಸಿ ನೋಡಿದರು. ವರ್ತನಾ ಚಿಕಿತ್ಸೆಯು ಬೇಗ ಫಲ ಕೊಟ್ಟಿತು. ಸಾವಧಾನದ ಗುಂಪು ತರಬೇತಿ ಮುಗಿದ ಹೊತ್ತಿಗೆ ಹಿಂದಿದ್ದರೂ ಕೆಲವು ತಿಂಗಳಲ್ಲಿ ಅದರ ಸಮೀಪಕ್ಕೆ ಬಂದಿತ್ತು. ಸಾವಧಾನದಿಂದ ಕ್ಯಾನ್ಸರಿನ ಗಡ್ಡೆ ಕರಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಆ ಆಷಾಢದಲ್ಲಿ ಚಿಕ್ಕಮ್ಮನ ಕೋಣೆಯ ಹೆಂಚೊಂದು ಜರುಗಿ ಮಳೆನೀರು ಸೋರುತ್ತಿತ್ತು. ಕೆಳಗೊಂದು ತಾಮ್ರದ ಹಂಡೆ ಇಟ್ಟಿದ್ದರು. ಉಸಿರಿನ ಮೇಲೆ ಗಮನವಿಟ್ಟರೆ ಎದೆಯ ಗಾಯದ ಕಡೆಗೇ ಮನಸ್ಸು ಹೋಗುತ್ತದೆಂದು ಅವರು ಹೇಳಿದ್ದರಿಂದ, ಹನಿ ಬೀಳುವ ಸದ್ದನ್ನೇ ಕೇಳುವುದೆಂದು ಗೊತ್ತುಮಾಡಿಕೊಂಡೆವು. ಖಾಲಿ ಹಂಡೆಯಲ್ಲಿ ಟಣ್ ಎನ್ನುವ ಹನಿ, ನೀರು ತುಂಬಿದಂತೆ ದಪ್ಪನೆಯ ಸದ್ದಾಗುತ್ತದೆ. ನಡುವೆ ರಿಪೋರ್ಟಿನ ಯೋಚನೆ ಬಂದರೆ, ಬಂತು ಎಂದುಕೊಂಡು ಮರಳಿ ಹನಿಗೆ ಬರುವುದು. ಇಪ್ಪತ್ತು ನಿಮಿಷವಾದರೂ ನಿದ್ದೆ ಸುಳಿಯದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆದಾಗ ಹಾಸಿಗೆಗೆ ಮರಳುವುದು. ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಮಾತ್ರ ಒಂದೇ.

ಮನಸ್ಸು ತೀರಾ ಕುಗ್ಗಿ, ಬದುಕೇ ಬೇಡವೆನಿಸಿದವರಿಗೆ ಇಂಥ ಅಭ್ಯಾಸ ಸಾಲದು. ಅವರು 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು.

ಚಿಕ್ಕಮ್ಮನಿಗೆ ರಿಪೋರ್ಟಿನ ಹಿಂದಿನ ರಾತ್ರಿ ಈಗಲೂ ಸರಿಯಾಗಿ ನಿದ್ದೆ ಬರುವುದಿಲ್ಲ. ಗೋಡೆಯ ಗಡಿಯಾರವನ್ನು ಮಾತ್ರ ತೆಗೆಸಿ ಅಡುಗೆಮನೆಯಲ್ಲಿ ಹಾಕಿಸಿದ್ದಾರೆ.

ನಮಸ್ಕಾರ.