ಪದದ ನಡೆ, ಹಾಡಿನ ನಡೆ

ಕೇಳುಗರಿಗೆ ನಮಸ್ಕಾರ.

ಹೊಸ ಹಾಡೊಂದನ್ನು ಕಟ್ಟಲು ಕುಳಿತವನು ಮೊದಲು ಹುಡುಕಬೇಕಾದದ್ದು ರಾಗವನ್ನಲ್ಲ, ಪದದ ನಡೆಯನ್ನು. ವಿಜಯಪುರ ಜಿಲ್ಲೆಯ ಭಜನಾ ಮೇಳಗಳಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತ, ಆಗಾಗ ಸ್ವಂತ ಪದಗಳನ್ನೂ ಕಟ್ಟುತ್ತ ಬಂದ ನನಗೆ ತಿಳಿದುಬಂದದ್ದು ಇದು. ಸಂಗೀತ ಕಲಿತ ಅನೇಕರು ಇದನ್ನು ಒಪ್ಪುವುದಿಲ್ಲ. ಅವರು ಪೇಟಿಯ ಮುಂದೆ ಕುಳಿತು ಯಮನ್ ಅಥವಾ ಭೀಮಪಲಾಸಿಯ ಸ್ವರಗಳ ಮೇಲೆ ಬೆರಳಾಡಿಸುತ್ತ, ಇಂಪಾದ ಒಂದು ಎಳೆ ಸಿಕ್ಕ ಕೂಡಲೇ ಅದಕ್ಕೆ ಸಾಹಿತ್ಯವನ್ನು ಜೋಡಿಸತೊಡಗುತ್ತಾರೆ. ಹಾಗೆ ಹುಟ್ಟಿದ ಒಳ್ಳೆಯ ಹಾಡುಗಳೂ ಇವೆ. ಆದರೆ ಕನ್ನಡದ ಮಾತಿಗೆ ಗುರು-ಲಘುಗಳ ತನ್ನದೇ ಹೆಜ್ಜೆಯಿದೆ. ಆ ಹೆಜ್ಜೆಗೆ ಕಿವಿಗೊಡದೆ ಹೊಂದಿಸಿದ ಧಾಟಿ ಎಷ್ಟೇ ಮಧುರವಾಗಿದ್ದರೂ ಕೇಳುಗನಿಗೆ ಸ್ವರ ತಲುಪುತ್ತದೆಯೇ ಹೊರತು ಅರ್ಥ ತಲುಪುವುದಿಲ್ಲ.

ಇದನ್ನು ನನ್ನದೇ ಒಂದು ಪದದ ಮೂಲಕ ವಿವರಿಸುತ್ತೇನೆ. ನಮ್ಮ ಕಡೆಯ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳದ ಬಿತ್ತನೆಗೆ ಹದ ಮಳೆ ಬೇಕು. ಮಳೆ ತಡವಾದ ವರ್ಷದಲ್ಲಿ ನೆಲ ಬಿರುಕು ಬಿಟ್ಟು ಕಾಯುವುದನ್ನು ಕುರಿತು ಪದ ಕಟ್ಟಬೇಕೆಂದುಕೊಂಡಾಗ ಬಾಯಿಗೆ ಬಂದ ಪಲ್ಲವಿ ಹೀಗಿತ್ತು: ‘ಎರಿಯ ಹೊಲಾ ಬಾಯಿ ತೆರೆದು, ಮುಗಿಲ ಕಡೆಗೆ ನೋಡತೈತಿ.’ ಇದನ್ನು ಹಾಡಬೇಡಿ, ಸುಮ್ಮನೆ ಹೇಳಿ ನೋಡಿ. ಎರಿಯ, ಹೊಲಾ, ಬಾಯಿ, ತೆರೆದು ಎಂಬ ನಾಲ್ಕು ಶಬ್ದಗಳಿಗೂ ಮೂರು ಮೂರು ಮಾತ್ರೆ. ಮುಂದಿನ ಸಾಲೂ ಹಾಗೆಯೇ ಸಾಗುತ್ತದೆ. ಒಂದು ಸಾಲಿಗೆ ಹನ್ನೆರಡು ಮಾತ್ರೆಯಾದದ್ದರಿಂದ ಲೆಕ್ಕದ ಪ್ರಕಾರ ಇದು ಎಂಟು ಮಾತ್ರೆಯ ಕಹರವಾ ತಾಳದ ನಾಲ್ಕು-ನಾಲ್ಕರ ಭಾಗಗಳಿಗೂ ಹೊಂದುತ್ತದೆ, ಆರು ಮಾತ್ರೆಯ ದಾದರಾ ತಾಳಕ್ಕೂ ಹೊಂದುತ್ತದೆ. ಭಜನಾ ಮೇಳದಲ್ಲಿ ತಬಲಾದವರ ಕೈ ತಾನಾಗಿಯೇ ಕಹರವಾಕ್ಕೆ ಹೋಗುವುದರಿಂದ ಅದನ್ನೇ ಹಿಡಿದರೆ ಏನಾಗುತ್ತದೆಂದರೆ, ‘ಎರಿಯಹೊ’ ಎಂಬುದು ಒಂದು ಭಾಗಕ್ಕೆ, ‘ಲಾಬಾ’ ಎಂಬುದು ಇನ್ನೊಂದಕ್ಕೆ, ‘ಯಿತೆರೆದು’ ಎಂಬುದು ಮತ್ತೊಂದಕ್ಕೆ ಹೋಗಿ ಬೀಳುತ್ತದೆ. ಹೊಲವೂ ತುಂಡಾಯಿತು, ಬಾಯಿಯೂ ತುಂಡಾಯಿತು. ದಾದರಾದಲ್ಲಿ ಪ್ರತಿಯೊಂದು ಶಬ್ದವೂ ಇಡಿಯಾಗಿ ಉಳಿಯುತ್ತದೆ, ಮೊದಲ ಪೆಟ್ಟು ‘ಎರಿಯ’ದ ಮೇಲೆ, ಎರಡನೆಯ ಆವರ್ತನದ ಸಮ, ಅಂದರೆ ಮೊದಲ ಮಾತ್ರೆ, ‘ಬಾಯಿ’ಯ ಮೇಲೆ ಬರುತ್ತದೆ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ, ಪದವೇ ತನ್ನ ತಾಳವನ್ನು ಹೇಳಿಬಿಟ್ಟಿರುತ್ತದೆ.

ನಮ್ಮ ಛಂದಸ್ಸಿಗೂ ಹಿಂದುಸ್ತಾನಿ ತಾಳಗಳಿಗೂ ಇಂತಹ ನಂಟು ಅನೇಕ ಕಡೆ ಇದೆ. ಭಾಮಿನಿ ಷಟ್ಪದಿಯ ಮೂರು-ನಾಲ್ಕರ ಓಟವನ್ನು ಏಳು ಮಾತ್ರೆಯ ರೂಪಕ ತಾಳ ಅಳೆದು ಹೊಲಿದಂತೆ ಹಿಡಿಯುತ್ತದೆ. ಅಲ್ಲಿಯೂ ಒಂದು ಸೂಕ್ಷ್ಮವಿದೆ. ರೂಪಕದಲ್ಲಿ ಸಮವೇ ಖಾಲಿಯಾದ್ದರಿಂದ ಸಾಲಿನ ಮೊದಲ ಅಕ್ಷರಕ್ಕೆ ಭಾರವಾದ ಪೆಟ್ಟು ಬೀಳದೆ, ಕಥೆ ಹೇಳುವವನು ಮೆಲ್ಲಗೆ ಮಾತು ತೆಗೆದಂತೆ ಸಾಲು ಹಗುರವಾಗಿ ಏಳುತ್ತದೆ. ಐದು ಮಾತ್ರೆಯ ಗಣಗಳಿರುವ ಲಲಿತ ರಗಳೆಯನ್ನು ಝಪತಾಲದ ಹತ್ತು ಮಾತ್ರೆಯಲ್ಲಿ ಕೂರಿಸಬಹುದು. ಹಾಡು ಕಟ್ಟುವ ಹುಡುಗರು ಸ್ವರಾಭ್ಯಾಸದ ಅಲಂಕಾರಗಳ ಜೊತೆಗೆ ಒಂದಿಷ್ಟು ಛಂದಸ್ಸನ್ನೂ ಕಲಿತರೆ ಅವರ ಅರ್ಧ ಕಷ್ಟ ಕಡಿಮೆಯಾದೀತು.

ನಡೆ ಗೊತ್ತಾದ ಮೇಲಿನ ಪ್ರಶ್ನೆ, ಯಾವ ಅಕ್ಷರವನ್ನು ಎಳೆಯಬೇಕು ಎಂಬುದು. ಮುಗಿಲು ಎತ್ತರದಲ್ಲಿದೆ, ಆದ್ದರಿಂದ ‘ಮುಗಿಲ’ ಎಂಬಲ್ಲಿ ತಾರ ಷಡ್ಜ ಮುಟ್ಟಿಸೋಣ ಎಂದು ಯಾರಿಗಾದರೂ ಹೊಳೆಯುತ್ತದೆ. ಎಲ್ಲರಿಗೂ ಹೊಳೆಯುವುದೇ ಅದನ್ನು ಬಿಡಲು ಸಾಕಷ್ಟು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ‘ಮು’ ಹ್ರಸ್ವ. ಅದನ್ನು ಮೇಲಿನ ಸ್ವರದಲ್ಲಿ ಎಳೆದರೆ ‘ಮೂಗಿಲ’ ಎಂದಾಗಿ, ಪಾಪ, ಯಾರಿಗೋ ಮೂಗಿಲ್ಲವೆಂದು ಕೇಳುಗನು ತಿಳಿಯುತ್ತಾನೆ. ಆ ಸಾಲಿನಲ್ಲಿ ಎಳೆತವನ್ನು ತಾಳಿಕೊಳ್ಳುವ ಅಕ್ಷರ ‘ನೋಡತೈತಿ’ಯ ‘ನೋ’. ಅದು ದೀರ್ಘ, ಸಮವೂ ಅಲ್ಲಿಯೇ ಬರುತ್ತದೆ, ಸಾಲಿನ ಜೀವವಾದ ಕ್ರಿಯೆಯೂ ಅದೇ. ಮೂರೂ ಒಂದೆಡೆ ಕೂಡಿದ ಜಾಗದಲ್ಲಿ ಎತ್ತರದ ಸ್ವರವನ್ನಿಟ್ಟರೆ ಹಾಡುವವನಿಗೂ ಹಗುರ, ಕೇಳುವವನಿಗೂ ಸ್ಪಷ್ಟ. ಇನ್ನೊಂದು ತೊಡಕು ನಮ್ಮ ಕಡೆಯ ಆಡುಮಾತಿನದು. ಮನೆ ಎಂಬುದು ನಮ್ಮಲ್ಲಿ ಮನಿ, ಮಳೆ ಎಂಬುದು ಮಳಿ. ಸಾಲಿನ ಕೊನೆ ಹೀಗೆ ಇಕಾರದಲ್ಲಿ ಮುಗಿದಾಗ ಬಾಯಿ ಅಗಲವಾಗಿ ತೆರೆಯದೆ ಧ್ವನಿ ಸಣ್ಣದಾಗುತ್ತದೆ. ಆದ್ದರಿಂದ ಅಂಥ ಸಾಲುಗಳನ್ನು ನಾನು ಮಧ್ಯ ಸಪ್ತಕದ ಕೆಳಭಾಗದಲ್ಲಿ ಇಳಿಸಿ ಮುಗಿಸುತ್ತೇನೆ.

ರಾಗದ ಮಾತು ಇಷ್ಟಾದ ಮೇಲೆ ಬರುತ್ತದೆ. ಮಳೆಯ ಪದವೆಂದರೆ ಮಲ್ಹಾರ ಎಂಬುದು ರೂಢಿ. ಆದರೆ ಈ ಪದದಲ್ಲಿ ಮಳೆ ಬಂದಿಲ್ಲ, ನೆತ್ತಿಯ ಮೇಲೆ ಬಿಸಿಲಿದೆ. ಅದಕ್ಕೆ ನಡುಹಗಲಿನ ರಾಗವಾದ ವೃಂದಾವನಿ ಸಾರಂಗ ಸರಿಯೆನಿಸಿತು. ಗಾಂಧಾರ, ಧೈವತಗಳನ್ನು ಬಿಟ್ಟು, ಏರುವಾಗ ಶುದ್ಧ ನಿಷಾದ, ಇಳಿಯುವಾಗ ಕೋಮಲ ನಿಷಾದ ಹಿಡಿಯುವ ಈ ರಾಗದಲ್ಲಿ ಬಯಲಿನಂತಹ ಒಂದು ಖಾಲಿತನವಿದೆ. ‘ಕೂರ್ಗಿ ಮನಿಯ ಮೂಲಿ ಹಿಡಿದು, ಎತ್ತು ಗೋದ್ಲಿ ನೆಕ್ಕತಾವ’ ಎಂಬ ಮೊದಲ ನುಡಿಗೆ ಅದು ಚೆನ್ನಾಗಿ ಒಗ್ಗಿತು (ಕೂರ್ಗಿ ಎಂದರೆ ಬಿತ್ತುವ ಕೂರಿಗೆ, ಗೋದ್ಲಿ ಎಂದರೆ ದನಕ್ಕೆ ಮೇವು ಹಾಕುವ ಜಾಗ). ಕೊನೆಯ ನುಡಿಯಲ್ಲಿ ಮಳೆ ಬರುತ್ತದೆ. ಸಾರಂಗಕ್ಕೂ ಮೇಘ ರಾಗಕ್ಕೂ ಸ್ವರಗಳಲ್ಲಿ ಬಹಳ ಹತ್ತಿರದ ಸಂಬಂಧವಿರುವುದರಿಂದ, ಅಲ್ಲಿ ಶುದ್ಧ ನಿಷಾದವನ್ನು ಕೈಬಿಟ್ಟು, ಕೋಮಲ ನಿಷಾದವನ್ನಷ್ಟೇ ಇರಿಸಿಕೊಂಡು, ಮಧ್ಯಮದಿಂದ ರಿಷಭಕ್ಕೆ ಮೀಂಡಿನಲ್ಲಿ, ಅಂದರೆ ಸ್ವರವನ್ನು ಜಾರಿಸುತ್ತ, ಇಳಿದು, ರಿಷಭವನ್ನು ಸ್ವಲ್ಪ ತೂಗಿದರೆ ಸಾಕು, ರಾಗ ಬದಲಾದದ್ದು ಕೇಳುಗನಿಗೆ ತಿಳಿಯುವ ಮೊದಲೇ ಹವೆ ಬದಲಾಗಿರುತ್ತದೆ. ಈ ಮೀಂಡು ಪೇಟಿಯಲ್ಲಿ ಬರುವುದಿಲ್ಲ. ಒಂದು ಸ್ವರದ ಮನೆಯಿಂದ ಇನ್ನೊಂದು ಮನೆಗೆ ಅದು ಹಾರುತ್ತದೆಯೇ ಹೊರತು ಜಾರುವುದಿಲ್ಲ. ಬೆಳಗಾವಿಯ ಪಂಡಿತ ರಾಮಭಾವು ಬಿಜಾಪುರೆಯವರಂಥವರು ಪೇಟಿಯನ್ನೇ ಹಾಡುವಂತೆ ಮಾಡಿದರು, ನಿಜ, ಆದರೆ ಅದು ನಮ್ಮಂಥವರ ಬೆರಳಿಗೆ ಸಿಕ್ಕುವ ವಿದ್ಯೆಯಲ್ಲ. ಆದ್ದರಿಂದ ರಾಗದ ತಿರುವುಗಳನ್ನು ಹುಡುಕುವಾಗ ಪೇಟಿಯನ್ನು ಮುಚ್ಚಿಟ್ಟು, ತಂಬೂರಿಯ ಶ್ರುತಿಯ ಮೇಲೆ ಬಾಯಿಂದಲೇ ಹಾಡಿಕೊಳ್ಳುವುದು ಒಳ್ಳೆಯದು. ಪೇಟಿಯ ಮುಂದೆಯೇ ಕಟ್ಟಿದ ಹಾಡುಗಳಲ್ಲಿ ಬೆರಳಿನ ಅಭ್ಯಾಸಗಳೇ ಮತ್ತೆ ಮತ್ತೆ ಕೇಳಿಸುತ್ತವೆ.

ರಾಗವನ್ನು ಮೊದಲಿಟ್ಟುಕೊಂಡ ಪರಂಪರೆಯೂ ನಮ್ಮ ಊರಿನಲ್ಲಿಯೇ ಇತ್ತು ಎಂಬುದನ್ನು ಇಲ್ಲಿ ಹೇಳಬೇಕು. 1580ರಿಂದ 1627ರ ವರೆಗೆ ವಿಜಯಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ ದಖನಿ ಭಾಷೆಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ನಲ್ಲಿ 59 ಪದಗಳೂ 17 ದೋಹೆಗಳೂ ಇವೆ, ಪದಗಳನ್ನು ಆಯಾ ರಾಗಗಳ ಹೆಸರಿನ ಕೆಳಗೆ ಜೋಡಿಸಲಾಗಿದೆ. ಸರಸ್ವತಿಯನ್ನೂ ಗಣಪತಿಯನ್ನೂ ಕಲಬುರಗಿಯ ಸೂಫಿ ಸಂತ ಗೇಸುದರಾಜರನ್ನೂ ಒಂದೇ ಉಸಿರಿನಲ್ಲಿ ಹಾಡಿದ ಆ ಅರಸ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದನಂತೆ. ಅದು ದರ್ಬಾರಿನ ಕ್ರಮ. ಅಲ್ಲಿನ ಕೇಳುಗರು ರಾಗವನ್ನು ಬಲ್ಲವರು, ಪದವು ರಾಗಕ್ಕೆ ಆಧಾರವಾದರೆ ಸಾಕಾಗುತ್ತಿತ್ತು. ಅಂಗಳದಲ್ಲಿ, ಗುಡಿಯ ಕಟ್ಟೆಯಲ್ಲಿ ಹಾಡುವವರಿಗೆ ಆ ಅನುಕೂಲವಿರಲಿಲ್ಲ.

ಅವರಿಗಿದ್ದ ಅನುಕೂಲವೇ ಬೇರೆ. ಗೀಗೀ ಪದದವರು ಹೊಸ ಕಥೆಗೆ ಹೊಸ ಧಾಟಿಯನ್ನು ಹುಡುಕುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಜನರ ಕಿವಿಗೆ ಮೊದಲೇ ಪರಿಚಿತವಾದ ಮಟ್ಟಿನಲ್ಲಿ ಹೊಸ ಸಂಗತಿಯನ್ನು ಹೇಳುತ್ತಾರೆ, ಇದರಿಂದ ಕೇಳುಗರ ಗಮನವೆಲ್ಲ ಕಥೆಯ ಕಡೆಗೆ ಹರಿಯುತ್ತದೆ. ಮುಧೋಳ ತಾಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಲಾರೆವೆಂದು ಬ್ರಿಟಿಷರ ವಿರುದ್ಧ ನಿಂತ ಸಂಗತಿ ಜನರ ಬಾಯಲ್ಲಿ ಉಳಿದದ್ದು ಲಾವಣಿಯಿಂದ. ಡಪ್ಪು, ತುಂತುಣಿ, ತಾಳಗಳ ನಡುವೆ ಹಿಮ್ಮೇಳದವರು ‘ಗೀಯ ಗಾ ಗೀಯ’ ಎಂದು ಎತ್ತಿಕೊಳ್ಳುವುದು ಬರೀ ಅಲಂಕಾರವಲ್ಲ. ಮುಮ್ಮೇಳದವನಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ನುಡಿಯನ್ನು ನೆನಪಿಗೆ ತಂದುಕೊಳ್ಳಲು, ಸವಾಲು-ಜವಾಬಿನಲ್ಲಾದರೆ ಅಲ್ಲೇ ಒಂದು ಸಾಲನ್ನು ಹೊಸೆಯಲು ಅದು ಕೊಡುವ ಬಿಡುವು ಬಹಳ ದೊಡ್ಡದು. ಬರೆದಿಟ್ಟುಕೊಂಡು ಹಾಡುವ ನಾವು ಈ ಬಿಡುವನ್ನು ಮರೆತು, ನುಡಿಯ ಹಿಂದೆ ನುಡಿಯನ್ನು ತುರುಕುತ್ತೇವೆ. ಹಲಸಂಗಿ ಗೆಳೆಯರು ಇಂಡಿ ತಾಲೂಕಿನ ಹಳ್ಳಿಗಳಲ್ಲಿ ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದ ತ್ರಿಪದಿಗಳನ್ನು ಹೆಣ್ಣುಮಕ್ಕಳು ಹಾಡುವಾಗಲೂ ಎರಡನೆಯ ಸಾಲನ್ನು ಮರಳಿ ಹೇಳಿಯೇ ಮೂರನೆಯದಕ್ಕೆ ಹೋಗುತ್ತಾರೆ. ಓದುವಾಗ ಮೂರು ಸಾಲಿರುವ ಪದ್ಯ ಹಾಡುವಾಗ ನಾಲ್ಕಾಗುತ್ತದೆ, ಮೂರನೆಯ ಸಾಲಿನ ಮಾತಿಗೆ ಕೇಳುಗರ ಮನಸ್ಸು ಅಷ್ಟರಲ್ಲಿ ಸಜ್ಜಾಗಿರುತ್ತದೆ.

ಇಷ್ಟು ಹೇಳಿದ್ದು ಛಂದಸ್ಸೋ ಮಟ್ಟೋ ಮೊದಲೇ ಇರುವ ಪದಗಳನ್ನು ಕುರಿತು. ನಿಜವಾದ ಕಷ್ಟ ವಚನದಲ್ಲಿದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯದು, ಅವರ ಅಂಕಿತದ ಕೂಡಲಸಂಗಮ ಪಕ್ಕದ ಬಾಗಲಕೋಟೆ ಜಿಲ್ಲೆಯದು. ಹೀಗಾಗಿ ಇಲ್ಲಿ ಸಂಗೀತಗಾರನೆನಿಸಿಕೊಂಡವನು ಒಂದಲ್ಲ ಒಂದು ದಿನ ವಚನಕ್ಕೆ ಸ್ವರ ಹಾಕಲೇಬೇಕಾಗುತ್ತದೆ. ತಾಳಮಾನವನ್ನು ತಾನರಿಯೆನೆಂದು ಬಸವಣ್ಣನವರೇ ಹೇಳಿಕೊಂಡಿದ್ದಾರೆ. ವಚನದ ಸಾಲುಗಳು ಒಂದು ಉದ್ದ, ಒಂದು ಗಿಡ್ಡ. ಅದಕ್ಕೆ ಪಲ್ಲವಿಯಿಲ್ಲ, ನುಡಿಯಿಲ್ಲ, ಪ್ರಾಸದ ಹಂಗೂ ಇಲ್ಲ. ಸಾಮಾನ್ಯವಾಗಿ ಎಲ್ಲರೂ ಮಾಡುವುದೇನೆಂದರೆ ಮೊದಲ ಸಾಲನ್ನೇ ಪಲ್ಲವಿಯನ್ನಾಗಿ ಮಾಡಿ, ಪ್ರತಿಯೊಂದು ಸಾಲಿನ ಕೊನೆಗೆ ಅದಕ್ಕೆ ಮರಳುವುದು. ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ಎಷ್ಟೋ ವಚನಗಳು ಒಂದು ಉಪಮೆಯಿಂದ ಹೊರಟು, ಇನ್ನೊಂದಕ್ಕೆ ಹೋಗಿ, ಕೊನೆಯಲ್ಲಿ ತಮ್ಮ ವಾದವನ್ನು ಮುಟ್ಟಿಸುವಂಥವು. ನಡುನಡುವೆ ಮೊದಲಿಗೇ ಎಳೆದು ತಂದರೆ ಆ ವಾದ ಮುಂದೆ ಸಾಗುವುದೇ ಇಲ್ಲ. ನಾನು ಅನುಸರಿಸುವ ಕ್ರಮ ಬೇರೆ. ಮೊದಲು ವಚನವನ್ನು ಗಟ್ಟಿಯಾಗಿ, ಜಗಳದಲ್ಲಿ ಹೇಳುವಂತೆ, ಬೇಡಿಕೊಳ್ಳುವಂತೆ, ತನಗೆ ತಾನೇ ಹೇಳಿಕೊಳ್ಳುವಂತೆ, ಬೇರೆ ಬೇರೆ ಧ್ವನಿಯಲ್ಲಿ ಓದುತ್ತೇನೆ. ಯಾವ ಧ್ವನಿಯಲ್ಲಿ ಮಾತು ನಿಜವೆನಿಸುತ್ತದೋ ಅದರಲ್ಲಿ ಉಸಿರು ಎಲ್ಲೆಲ್ಲಿ ನಿಂತಿತೆಂದು ಹಾಳೆಯ ಮೇಲೆ ಗೆರೆ ಎಳೆಯುತ್ತೇನೆ. ಅರ್ಥ ಪೂರ್ತಿಯಾದ ಗೆರೆಯಲ್ಲಿ ಮಾತ್ರ ಸಮಕ್ಕೆ ಬರುತ್ತೇನೆ, ಉಳಿದ ಗೆರೆಗಳನ್ನು ತಾಳದ ಒಳಗೇ ಬಿಡುವಾಗಿ ಉಳಿಸುತ್ತೇನೆ. ಬಹಳ ಉದ್ದದ ಸಾಲಿದ್ದರೆ ತಬಲಾವನ್ನು ನಿಲ್ಲಿಸಿ, ಅದನ್ನು ಆಲಾಪದಂತೆ ಹೇಳಿ, ಮತ್ತೆ ಠೇಕಾ ಹಿಡಿಯುವುದು ವಾಸಿ. ಅಂಕಿತವನ್ನು ಹತ್ತಾರು ಬಗೆಯಲ್ಲಿ ತಿರುವಿ ಹಾಡಿ ಚಪ್ಪಾಳೆ ಗಿಟ್ಟಿಸುವುದು ಮಾತ್ರ ನನಗೆ ಸೇರುವುದಿಲ್ಲ, ವಚನ ಹೇಳಬೇಕಾದದ್ದನ್ನು ಹೇಳಿ ಮುಗಿಸಿದ ಮೇಲೆ ಗಾಯಕನು ಅಲ್ಲಿ ನಿಲ್ಲುವ ಕಾರಣವಿಲ್ಲ.

ಸ್ವರಗಳನ್ನು ಎಷ್ಟು ಬಳಸಬೇಕೆಂಬ ವಿಷಯದಲ್ಲಿ ನನಗೆ ದಾರಿ ತೋರಿದ್ದು ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರ ಉದಾಹರಣೆ. 1924ರಲ್ಲಿ ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಹುಟ್ಟಿದ ಅವರು ಮುಂದೆ ಮಧ್ಯಪ್ರದೇಶದ ದೇವಾಸದಲ್ಲಿ ಕ್ಷಯರೋಗದಿಂದ ಹಾಸಿಗೆ ಹಿಡಿದು, ವರ್ಷಗಟ್ಟಲೆ ಹಾಡುವಂತಿಲ್ಲದ ಸ್ಥಿತಿಯಲ್ಲಿದ್ದಾಗ ಮಾಳವ ಪ್ರದೇಶದ ಜನಪದ ಹಾಡುಗಳಿಗೆ ಕಿವಿಗೊಟ್ಟರು. ಆ ಧುನ್‌ಗಳೊಳಗಿದ್ದ ಸ್ವರಗಳ ಸಂಬಂಧಗಳನ್ನು ಹಿಡಿದು ಹೊಸ ರಾಗಗಳನ್ನೇ ರೂಪಿಸಿದರು. ಅವರ ರಚನೆಗಳ ಸಂಗ್ರಹ ‘ಅನೂಪರಾಗವಿಲಾಸ’ 1965ರಲ್ಲಿ ಪ್ರಕಟವಾಯಿತು. ನಾಲ್ಕೈದು ಸ್ವರಗಳಲ್ಲಿ ಮುಗಿದುಹೋಗುವ ಜನಪದ ಧಾಟಿ ಬಡವಾದುದಲ್ಲ, ಅದರೊಳಗೆ ಒಂದು ರಾಗದ ಬೀಜವಿರಬಹುದು ಎಂದು ಇದರಿಂದ ತಿಳಿದ ಮೇಲೆ, ಪಲ್ಲವಿಯನ್ನು ಐದು ಸ್ವರಗಳ ಅಳತೆಯೊಳಗೇ ಇಡಬೇಕೆಂಬ ಕಟ್ಟುಪಾಡನ್ನು ನಾನು ಹಾಕಿಕೊಂಡೆ. ವಿಸ್ತಾರಕ್ಕೆ ನುಡಿಗಳಿವೆ. ಪಲ್ಲವಿಯನ್ನು ಮಾತ್ರ ಗಂಡಸರೂ ಹೆಂಗಸರೂ ಮಕ್ಕಳೂ ತಮ್ಮ ಧ್ವನಿಗೆ ಹೊಂದಿಸಿಕೊಂಡು ಹಾಡುವಂತಿರಬೇಕು.

ಹಾಡು ಆದಂತೆನಿಸಿದ ಮೇಲೆ ಅದನ್ನು ಮೊದಲು ಕೇಳಿಸಬೇಕಾದದ್ದು ಹಿಮ್ಮೇಳದವರಿಗೆ. ಅಮಾವಾಸ್ಯೆಯ ಭಜನೆಯಲ್ಲಿ ಏನನ್ನೂ ವಿವರಿಸದೆ ಹೊಸ ಪಲ್ಲವಿಯನ್ನು ಎತ್ತಿಕೊಳ್ಳುತ್ತೇನೆ. ಎರಡನೆಯ ಸುತ್ತಿಗೆ ತಾಳದವರು, ದಮಡಿಯವರು ತಾವಾಗಿಯೇ ಕೂಡಿಕೊಂಡರೆ ಧಾಟಿ ಗಟ್ಟಿಯಾಗಿದೆ ಎಂದರ್ಥ. ಕೂಡಿಕೊಂಡರೂ ಯಾವುದಾದರೂ ಒಂದು ತಿರುವನ್ನು ಎಲ್ಲರೂ ನಾನು ಹಾಡಿದ್ದಕ್ಕಿಂತ ಬೇರೆಯಾಗಿ ಹಾಡಿದರೆ, ಬದಲಾಗಬೇಕಾದದ್ದು ನನ್ನ ತಿರುವು. ಅವರ ನಾಲಗೆಗೆ ಪದದ ನಡೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ರೈತರೇ ಹೆಚ್ಚಾಗಿರುವ ಈ ಮೇಳಗಳಲ್ಲಿ ಪದದ ಸಂಗತಿಯ ಪರೀಕ್ಷೆಯೂ ಆಗಿಬಿಡುತ್ತದೆ. ಯಾವ ಮಳೆಗೆ ಯಾವ ಬಿತ್ತನೆ ಎಂಬುದರಲ್ಲಿ ಕವಿಗೆ ಅವರು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಬಾನುಲಿಗಾಗಿ ಕಟ್ಟುವಾಗ ಸಮಯದ ಮಿತಿಯೊಂದು ಸೇರಿಕೊಳ್ಳುತ್ತದೆ. ಹಳೆಯ ಗ್ರಾಮೋಫೋನ್ ತಟ್ಟೆಯ ಒಂದು ಬದಿಯಲ್ಲಿ ಸುಮಾರು ಮೂರು ನಿಮಿಷದ ಹಾಡು ಹಿಡಿಯುತ್ತಿತ್ತು, ಸುಗಮ ಸಂಗೀತ ಇಂದಿಗೂ ಆ ಅಳತೆಯಿಂದ ಬಹಳ ದೂರ ಹೋಗಿಲ್ಲ. ಭಜನೆಯಲ್ಲಿ ಏಳೆಂಟು ನುಡಿ ಹಾಡುವ ಪದವನ್ನು ಇಲ್ಲಿ ಮೂರಕ್ಕೆ ಇಳಿಸಬೇಕು. ಬಿಡುವಾಗ ಕೆಟ್ಟ ನುಡಿಯನ್ನು ಬಿಡುವುದು ಸುಲಭ, ಆದರೆ ಒಳ್ಳೆಯದಾಗಿದ್ದೂ ಹಿಂದಿನ ನುಡಿಯ ಮಾತನ್ನೇ ಮತ್ತೆ ಹೇಳುವ ನುಡಿಯನ್ನು ಬಿಡಬೇಕಾಗಿ ಬಂದಾಗ ಕೈ ಹಿಂಜರಿಯುತ್ತದೆ. ಮಳೆಯ ಪದದಲ್ಲಿ ಎತ್ತುಗಳ ನುಡಿ ಉಳಿಯಿತು, ಕಪಲಿ ಬಾವಿಯ ನುಡಿ ಹೋಯಿತು.

ಕೊನೆಗೆ ಹಾಳೆಯ ತಲೆಯ ಮೇಲೆ ರಾಗ, ತಾಳ, ಲಯಗಳನ್ನು ಬರೆದು, ಭಾತಖಂಡೆ ಸ್ವರಲಿಪಿ ಪದ್ಧತಿಯಲ್ಲಿ ಸ್ವರಗಳನ್ನು ಗುರುತಿಸಿ, ಜೊತೆಗೆ ಮೊಬೈಲಿನಲ್ಲಿ ಒಮ್ಮೆ ಹಾಡಿಟ್ಟು ಗಾಯಕರಿಗೆ ಕೊಡುತ್ತೇನೆ. ಕೋಮಲ ಸ್ವರದ ಕೆಳಗಿನ ಅಡ್ಡಗೆರೆಯನ್ನೋ ತಾರ ಸಪ್ತಕದ ಮೇಲಿನ ಚುಕ್ಕಿಯನ್ನೋ ನೋಡಿ ಸ್ವರವನ್ನು ಹಿಡಿಯಬಹುದು, ಮೀಂಡಿನ ಜಾರಿಕೆಯನ್ನು ಹಾಡಿದ್ದನ್ನು ಕೇಳಿಯೇ ಹಿಡಿಯಬೇಕು. ಆಮೇಲೆ ಅವರು ತಮ್ಮ ಧ್ವನಿಗೆ ತಕ್ಕಂತೆ ಶ್ರುತಿಯನ್ನು ಪೇಟಿಯ ಕರಿ ಮನೆಗಳಲ್ಲಿ ಎರಡನೆಯದಕ್ಕೋ ನಾಲ್ಕನೆಯದಕ್ಕೋ ಇಟ್ಟುಕೊಳ್ಳಲಿ, ನುಡಿಯ ನಡುವೆ ಒಂದೆರಡು ಹರಕತ್ತುಗಳನ್ನು, ಅಂದರೆ ಸ್ವರದ ಸಣ್ಣ ಕುಸುರಿಗಳನ್ನು, ಸೇರಿಸಿಕೊಳ್ಳಲಿ, ನನ್ನ ತಕರಾರಿಲ್ಲ. ದಾದರಾದ ಪದವನ್ನು ಕುಣಿತಕ್ಕೆ ಅನುಕೂಲವೆಂದು ಕಹರವಾಕ್ಕೆ ತಿರುಗಿಸಿ, ಹೊಲ-ಬಾಯಿಗಳನ್ನು ಮತ್ತೆ ತುಂಡು ಮಾಡುವವರು ಮಾತ್ರ ಮೊದಲು ನನಗೊಂದು ಮಾತು ಕೇಳಲಿ.

ನಮಸ್ಕಾರ.