ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಚಿಕ್ಕಬಳ್ಳಾಪುರದ ಕಡೆ ಮೈಮೇಲೆ ಬಿಳಿ ಮಚ್ಚೆ ಕಂಡರೆ ಮನೆಯಲ್ಲಿ ಮೊದಲು ಬರುವ ಮಾತು ನಾಗದೋಷ. ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿ ಅನ್ನುತ್ತಾರೆ. ಹೋಗಿ ಬನ್ನಿ, ನಾನು ಬೇಡ ಅನ್ನುವುದಿಲ್ಲ. ದೇವರ ಮುಂದೆ ಸ್ವಲ್ಪ ಹೊತ್ತು ಕೂತರೆ ಮನಸ್ಸು ಹಗುರಾಗುತ್ತದೆ. ಆದರೆ "ನಾನೇನು ಪಾಪ ಮಾಡಿದ್ದೆನೋ" ಅನ್ನುವ ಮಾತೊಂದನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ.

ಪಾಪ ಏನೂ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ನಾಶ ಮಾಡಿದಾಗ ತೊನ್ನು ಬರುತ್ತದೆ. ಅದು ಅಂಟುವುದಿಲ್ಲ. ಕುಷ್ಠವೂ ಅಲ್ಲ. ಮೀನು ತಿಂದು ಹಾಲು ಕುಡಿದಿದ್ದಕ್ಕೆ ಬಂದದ್ದೂ ಅಲ್ಲ. ಸೋರಿಯಾಸಿಸ್ ಕೂಡ ಅಂಟುವುದಿಲ್ಲ. ತಿಂಗಳಿಗೊಮ್ಮೆ ಹೊಸದಾಗುವ ಚರ್ಮದ ಮೇಲ್ಪದರ ಅದರಲ್ಲಿ ಕೆಲವೇ ದಿನಕ್ಕೆ ಬೆಳೆದು, ಹೊಟ್ಟಿನಂತೆ ಉದುರುತ್ತದೆ.

ಆ ಹೊಟ್ಟೇ ಮನುಷ್ಯನನ್ನು ಕುಗ್ಗಿಸುವುದು. ಮದುವೆ ಮನೆಯಲ್ಲಿ ಜಮಖಾನೆ ಮೇಲಿಂದ ಏಳುವ ಮೊದಲು, ಯಾರೂ ನೋಡದ ಹಾಗೆ ಅಂಗೈಯಲ್ಲಿ ಜಾಗ ಸವರಿ ಏಳುವವರಿದ್ದಾರೆ. ಕಟಿಂಗ್ ಶಾಪಿಗೆ ಹೋಗಲು ನಾಚಿ ಮನೆಯಲ್ಲೇ ಕೂದಲು ಕತ್ತರಿಸಿಕೊಳ್ಳುವವರಿದ್ದಾರೆ. ಏಪ್ರಿಲ್ ಬಿಸಿಲಲ್ಲೂ ತುಂಬು ತೋಳು ಬಿಡದ ಹೆಣ್ಣುಮಕ್ಕಳಿದ್ದಾರೆ. ಹೆಣ್ಣು ನೋಡಲು ಬಂದವರೆದುರು ಮಚ್ಚೆ ಮುಚ್ಚಿಕೋ ಅನ್ನುವ ದೊಡ್ಡವರ ಮೇಲೆ ನನಗೆ ನಿಜಕ್ಕೂ ಕೋಪ ಬರುತ್ತದೆ. ಆ ಹುಡುಗಿ ಆಮೇಲೆ ಕನ್ನಡಿ ಮುಂದೆ ತನ್ನನ್ನು ತಾನೇ ಹೇಗೆ ಬೈದುಕೊಳ್ಳುತ್ತಾಳೆ ಅಂತ ಯಾರೂ ಕೇಳುವುದಿಲ್ಲ.

ಬೈದುಕೊಂಡರೆ ಮನಸ್ಸು ಮಂಕಾಗುತ್ತದೆ. ಮಂಕಾದರೆ ಮುಲಾಮು ಹಚ್ಚಲೂ ಮನಸ್ಸಾಗಲ್ಲ. ಚಿಂತೆ ಜಾಸ್ತಿಯಾದಾಗ ಅನೇಕರಿಗೆ ಸೋರಿಯಾಸಿಸ್ಸೂ ಇಸುಬೂ ಕೆರಳುತ್ತವೆ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನ್ ನೆಫ್ 2003ರಲ್ಲಿ, ನಮ್ಮ ಮೇಲೆ ನಾವೇ ಕರುಣೆ ತೋರಿಸಿಕೊಳ್ಳುವುದರ ಬಗ್ಗೆ ಬರೆದರು. ಕಷ್ಟದಲ್ಲಿರುವ ಗೆಳತಿಗೆ ತೋರಿಸುವ ಕರುಣೆಯನ್ನು ನಮಗೂ ತೋರಿಸಿಕೊಳ್ಳಬೇಕು, ನೋವು ನನ್ನೊಬ್ಬಳದೇ ಅಲ್ಲ ಅಂತ ನೆನೆಯಬೇಕು, ಅದನ್ನು ಮುಚ್ಚಿಡದೆ, ದೊಡ್ಡದೂ ಮಾಡದೆ ನೋಡಬೇಕು ಅನ್ನುತ್ತಾರೆ ಅವರು.

ರಾತ್ರಿ ಊಟ ಆದಮೇಲೆ ಒಂದು ಹಾಳೆ ತಗೊಳ್ಳಿ. ಇದೇ ಕಾಯಿಲೆ ನಿಮ್ಮ ತಂಗಿಗೆ ಬಂದಿದೆ ಅಂದುಕೊಂಡು ಬರೆಯಿರಿ. "ಬಸ್ಸಲ್ಲಿ ಆಯಮ್ಮ ಪಕ್ಕದಿಂದ ಎದ್ದು ಹೋದಾಗ ಬೇಜಾರಾಯ್ತು ಅಲ್ವಾ? ಆಗೋದೇ ಕಣೇ. ಇದರಲ್ಲಿ ನಿನ್ನ ತಪ್ಪೇನಿದೆ? ನಿನ್ನಂಥವರು ಊರೂರಲ್ಲೂ ಇದ್ದಾರೆ. ಮುಲಾಮು ಹಚ್ಚಿಕೊಂಡು ಮಲಗು." ಬರೆದ ಮೇಲೆ ತಂಗಿಯ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಹಾಕಿ, ಮೆಲ್ಲಗೆ ಓದಿಕೊಳ್ಳಿ. ಮೊದಮೊದಲು ನಾಟಕ ಅನ್ನಿಸಬಹುದು. ಅಳುವೂ ಬರಬಹುದು. ಬರಲಿ. ಮಚ್ಚೆ ಚೆನ್ನಾಗಿದೆ ಅಂತ ಸುಳ್ಳು ಹೇಳಿಕೊಳ್ಳಬೇಕಿಲ್ಲ. ಬೈಗುಳ ನಿಲ್ಲಿಸಿದರೆ ಸಾಕು.

ಇದು ಔಷಧಿಗೆ ಬದಲಲ್ಲ, ಚರ್ಮದ ಡಾಕ್ಟರನ್ನು ಬಿಡಬೇಡಿ. ಎರಡು ವಾರವಾದರೂ ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಇಲ್ಲ ಅಂದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಒಂದು ಗಳಿಗೆಯೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇನ್ನೊಂದು ಸಲ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.